ಕೆಂಪು ರಕ್ತಕಣದ ಬೆನ್ನು ಹತ್ತುವವರಿಗೆ: ನಮ್ಮ ಮೂರು ಜಿಲ್ಲೆಗಳ ವಿದ್ಯಾರ್ಥಿಗಳಿಗೊಂದು ದಾರಿ

ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆ ಜೀವಶಾಸ್ತ್ರ ಓದುವ ಮಕ್ಕಳಿಗೆ ಮನೆಯವರು ತೋರಿಸುವ ಬಾಗಿಲು ಒಂದೇ: ನೀಟ್. ಅದು ತೆರೆಯದಿದ್ದರೆ ಬಿ.ಎಸ್ಸಿ. ಸೇರಬೇಕು, ಅದು ಸೋತವರ ಸಾಲು ಎಂದು ನೆಂಟರೆಲ್ಲ ಕೂಡಿ ತೀರ್ಮಾನಿಸಿಬಿಡುತ್ತಾರೆ. ಡಾಕ್ಟರು ಬರೆದುಕೊಟ್ಟ ರಕ್ತಪರೀಕ್ಷೆಯ ಚೀಟಿ ನೋಡಿದಾಗ ಔಷಧಿ ಯಾವುದು ಎಂದು ಕೇಳದೆ, ಈ ಕಣ ಯಾಕೆ ಒಡೆಯಿತು ಎಂದು ಕೇಳುವ ಮಕ್ಕಳೂ ಇರುತ್ತಾರೆ. ಈ ಬರಹ ಅವರಿಗಾಗಿ. ಜೀವಕೋಶದ ಪೊರೆ ಮತ್ತು ರಕ್ತಕಣಗಳ ಸಂಶೋಧನೆಯನ್ನೇ ಬದುಕಿನ ಕೆಲಸ ಮಾಡಿಕೊಳ್ಳಬೇಕೆಂದರೆ ಇಲ್ಲಿಂದ ಹೊರಟು ಏನೇನು ಮಾಡಬೇಕು ಎಂಬುದನ್ನು ಕ್ರಮವಾಗಿ ಹೇಳುತ್ತೇನೆ. ನನ್ನ ವಾದ ಇಷ್ಟೇ: ದೊಡ್ಡ ಸಂಸ್ಥೆಯ ಗೇಟು ದಾಟುವ ಮೊದಲೇ ಕೈ ಪಳಗಬೇಕು, ಕೈ ಪಳಗಿಸಲು ಕೆಂಪು ರಕ್ತಕಣಕ್ಕಿಂತ ಅಗ್ಗದ, ಒಳ್ಳೆಯ ಗುರು ಸಿಗುವುದಿಲ್ಲ.

ಮೊದಲು, ಈ ಕಣವೇ ಯಾಕೆ ಎಂದು ತಿಳಿದುಕೊಳ್ಳಿ

ಸಸ್ತನಿಗಳ ಕೆಂಪು ರಕ್ತಕಣದಲ್ಲಿ ನ್ಯೂಕ್ಲಿಯಸ್ ಇಲ್ಲ, ಮೈಟೊಕಾಂಡ್ರಿಯ ಇಲ್ಲ, ಒಳಪೊರೆಗಳ ಗೋಜಲೂ ಇಲ್ಲ. ಇರುವುದು ಹೊರಪೊರೆ ಒಂದೇ, ಅದರೊಳಗೆ ತುಂಬಿದ ಹಿಮೋಗ್ಲೋಬಿನ್. ಯಕೃತ್ತಿನ ಕೋಶವನ್ನು ಒಡೆದರೆ ಹತ್ತು ಬಗೆಯ ಪೊರೆಗಳು ಬೆರೆತು ಕೈಗೆ ಬರುತ್ತವೆ. ರಕ್ತಕಣ ಒಡೆದು ತೊಳೆದರೆ ಉಳಿಯುವುದು ಆ ಒಂದು ಪೊರೆ ಮಾತ್ರ. ಪೊರೆಯ ಬಗ್ಗೆ ನಮಗೆ ಗೊತ್ತಿರುವ ಬಹುಪಾಲು ಸಂಗತಿಗಳು ಮೊದಲು ಇಲ್ಲೇ ಹೊಳೆದದ್ದು ಅದಕ್ಕೇ.

1925ರಲ್ಲಿ ನೆದರ್ಲೆಂಡ್ಸಿನ ಲೈಡನ್‌ನಲ್ಲಿ ಮಕ್ಕಳ ವೈದ್ಯ ಗಾರ್ಟರ್ ಮತ್ತು ಆತನ ಜೊತೆಗಾರ ಗ್ರೆಂಡೆಲ್ ಮಾಡಿದ ಪ್ರಯೋಗವನ್ನೇ ನೋಡಿ. ರಕ್ತಕಣಗಳಿಂದ ಕೊಬ್ಬಿನಂಶವನ್ನೆಲ್ಲ ಅಸಿಟೋನಿನಲ್ಲಿ ಎಳೆದು ತೆಗೆದು, ನೀರಿನ ಮೇಲೆ ಒಂದೇ ಅಣುವಿನ ದಪ್ಪಕ್ಕೆ ಹರಡಿದರು. ಅದು ಆವರಿಸಿದ ಜಾಗ ಕಣಗಳ ಒಟ್ಟು ಮೇಲ್ಮೈಗಿಂತ ಸುಮಾರು ಎರಡರಷ್ಟಿತ್ತು. ಅಂದರೆ ಪೊರೆಯಲ್ಲಿ ಕೊಬ್ಬಿನ ಅಣುಗಳು ಎರಡು ಪದರವಾಗಿವೆ! ಇದರಲ್ಲೊಂದು ತಮಾಷೆಯಿದೆ. ಅಸಿಟೋನ್ ಕೊಬ್ಬನ್ನು ಪೂರ್ತಿ ಎಳೆದಿರಲಿಲ್ಲ. ಒಣಗಿದ ಕಣಗಳನ್ನು ಅಳೆದದ್ದರಿಂದ ಮೇಲ್ಮೈಯ ಲೆಕ್ಕವೂ ಕಡಿಮೆ ಬಂದಿತ್ತು. ಎರಡು ತಪ್ಪುಗಳು ಒಂದನ್ನೊಂದು ನುಂಗಿಹಾಕಿ ಉತ್ತರ ಮಾತ್ರ ಸರಿಯಾಗಿ ಬಂತು. ದಶಕಗಳ ನಂತರ ಬೇರೆಯವರು ಅದೇ ಪ್ರಯೋಗವನ್ನು ಮತ್ತೆ ಮಾಡಿದಾಗ ಇದು ಬಯಲಾಯಿತು. ಗಾರ್ಟರ್, ಗ್ರೆಂಡೆಲ್ ಬಳಸಿದ ರಕ್ತಗಳಲ್ಲಿ ಮನುಷ್ಯ, ನಾಯಿ, ಮೊಲದ ರಕ್ತದ ಜೊತೆಗೆ ಆಡಿನ ರಕ್ತವೂ ಇತ್ತು. ಆಡಿನ ವಿಷಯಕ್ಕೆ ಮತ್ತೆ ಬರುತ್ತೇನೆ.

ಇನ್ನೊಂದು ಕಥೆ ಪೀಟರ್ ಆಗ್ರೆಯದು. ಅಮೆರಿಕದ ಬಾಲ್ಟಿಮೋರ್‌ನ ಈ ರಕ್ತತಜ್ಞ ಹುಡುಕುತ್ತಿದ್ದದ್ದು ಆರ್‌ಎಚ್ ರಕ್ತಗುಂಪಿನ ಪ್ರೋಟೀನನ್ನು. ಅದರ ಜೊತೆ 28 ಕಿಲೋಡಾಲ್ಟನ್ ತೂಕದ ಇನ್ನೊಂದು ಪ್ರೋಟೀನ್ ಪ್ರತಿ ಸಲವೂ ಗಂಟುಬೀಳುತ್ತಿತ್ತು. ಅಶುದ್ಧಿ ಎಂದು ಎಸೆಯಬಹುದಾಗಿತ್ತು. ಆತ ಎಸೆಯಲಿಲ್ಲ. 1992ರಲ್ಲಿ ಅದನ್ನು ಕಪ್ಪೆಯ ಮೊಟ್ಟೆಯಲ್ಲಿ ತಯಾರಾಗುವಂತೆ ಮಾಡಿ, ಆ ಮೊಟ್ಟೆಯನ್ನು ಲವಣ ಕಡಿಮೆಯಿರುವ ದ್ರಾವಣಕ್ಕೆ ಹಾಕಿದಾಗ ಮೊಟ್ಟೆ ಉಬ್ಬಿ ಸಿಡಿಯಿತು. ಪೊರೆಯೊಳಗೆ ನೀರು ಹರಿಯುವ ದಾರಿ, ಅಕ್ವಾಪೊರಿನ್, ಹೀಗೆ ಸಿಕ್ಕಿತು. 2003ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು.

ಪದವಿಯಲ್ಲಿ ಏನು ಓದಬೇಕು

ರಸಾಯನಶಾಸ್ತ್ರವನ್ನು ಯಾವ ಕಾರಣಕ್ಕೂ ಬಿಡಬೇಡಿ. ಪೊರೆಯ ಸಂಶೋಧನೆಯೆಂದರೆ ಮುಕ್ಕಾಲು ಪಾಲು ರಸಾಯನಶಾಸ್ತ್ರ. ಪ್ರಾಣಿಶಾಸ್ತ್ರ, ಸಸ್ಯಶಾಸ್ತ್ರಗಳನ್ನು ಆಮೇಲೂ ಕಲಿಯಬಹುದು. ಭೌತಶಾಸ್ತ್ರ, ಗಣಿತ ಓದುತ್ತಿರುವವರೂ ಈ ಕ್ಷೇತ್ರ ತಮ್ಮದಲ್ಲ ಎಂದುಕೊಳ್ಳಬಾರದು. 7–8 ಮೈಕ್ರೊಮೀಟರ್ ಅಗಲದ ಕಣವೊಂದು ತನಗಿಂತ ಕಿರಿದಾದ ರಕ್ತನಾಳದಲ್ಲಿ ಮಡಚಿಕೊಂಡು ನುಸುಳಿ ಮತ್ತೆ ತಟ್ಟೆಯಾಕಾರಕ್ಕೆ ಮರಳುವುದು ಶುದ್ಧ ಭೌತಶಾಸ್ತ್ರದ ಪ್ರಶ್ನೆ. ಸುಮಾರು 120 ದಿನ ಅದು ಇದೇ ಕೆಲಸ ಮಾಡುತ್ತದೆ. ಪೊರೆಯ ಒಳಮೈಗೆ ಅಂಟಿಕೊಂಡ ಸ್ಪೆಕ್ಟ್ರಿನ್ ಎಂಬ ಪ್ರೋಟೀನಿನ ಬಲೆ ಅದಕ್ಕೆ ಆ ಕಸುವು ಕೊಡುತ್ತದೆ. ಇದರ ಲೆಕ್ಕ ಹಾಕಬಲ್ಲ ಭೌತಶಾಸ್ತ್ರದವರಿಗೆ ಜೀವಶಾಸ್ತ್ರದ ಪ್ರಯೋಗಾಲಯಗಳಲ್ಲಿ ಒಳ್ಳೆಯ ಬೆಲೆಯಿದೆ.

ಎಂ.ಎಸ್ಸಿ.ಗೆ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ, ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ, ಪಕ್ಕದ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ಎಲ್ಲವೂ ಕೈಗೆಟಕುವ ದೂರದಲ್ಲಿವೆ. ಯಾವುದನ್ನು ಆರಿಸಿಕೊಂಡರೂ ಸೇರುವ ಮೊದಲು ಒಂದು ದಿನ ಹೋಗಿ, ಎರಡನೆಯ ವರ್ಷದ ವಿದ್ಯಾರ್ಥಿಗಳನ್ನು ಕಂಡು ಒಂದೇ ಪ್ರಶ್ನೆ ಕೇಳಿ: "ಸ್ಪೆಕ್ಟ್ರೊಫೋಟೊಮೀಟರನ್ನು ನೀವೇ ಮುಟ್ಟುತ್ತೀರಾ, ಅಥವಾ ಅಟೆಂಡರ್ ಮಾಡಿ ತೋರಿಸುತ್ತಾರೆಯೇ?" ಯಂತ್ರಕ್ಕೆ ಬಟ್ಟೆ ಹೊದಿಸಿ, ಕುಂಕುಮ ಹಚ್ಚಿ, ಆಯುಧಪೂಜೆಗೆ ಮಾತ್ರ ತೆರೆಯುವ ವಿಭಾಗಗಳು ನಮ್ಮಲ್ಲಿ ಕಡಿಮೆಯೇನಿಲ್ಲ. ಹಳೆಯ ಉಪಕರಣವಾದರೂ ವಿದ್ಯಾರ್ಥಿಯ ಕೈಗೆ ಕೊಡುವ ವಿಭಾಗವೇ ಮೇಲು.

ಕನ್ನಡ ಮಾಧ್ಯಮದಿಂದ ಬಂದವರು ಭಾಷೆಯ ವಿಷಯದಲ್ಲಿ ಮನಸ್ಸು ಗಟ್ಟಿಮಾಡಿಕೊಳ್ಳಬೇಕು. ಸಂಶೋಧನೆಗೆ ಫೆಲೋಶಿಪ್ ಕೊಡಿಸುವ ಸಿಎಸ್‌ಐಆರ್ ನೆಟ್ ಪರೀಕ್ಷೆಯ ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇರುತ್ತದೆ. ಸಂಶೋಧನಾ ಲೇಖನಗಳೆಲ್ಲ ಇಂಗ್ಲಿಷಿನಲ್ಲಿವೆ. ವಾರಕ್ಕೊಂದು ಲೇಖನದ ಸಾರಾಂಶ ಓದಿ, ಅದರಲ್ಲಿ ಏನು ಮಾಡಿದರು, ಏನು ಕಂಡಿತು ಎಂಬುದನ್ನು ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲೇ ಐದಾರು ಸಾಲು ಬರೆಯಿರಿ. ಕನ್ನಡದಲ್ಲಿ ಬರೆಯಲು ಬರಲಿಲ್ಲವೆಂದರೆ ಅರ್ಥವಾಗಿಲ್ಲ ಎಂದೇ ಲೆಕ್ಕ. ಇಂಗ್ಲಿಷ್ ಸಾಲನ್ನು ಹಾಗೇ ನಕಲು ಮಾಡಿದರೆ ಅದು ಗೊತ್ತೇ ಆಗುವುದಿಲ್ಲ.

ಆಡಿನ ರಕ್ತದಿಂದ ಶುರು ಮಾಡಿ

ಈ ಪ್ರಯೋಗವನ್ನು ಬಿ.ಎಸ್ಸಿ. ಕೊನೆಯ ವರ್ಷದಲ್ಲೇ ಮಾಡಬಹುದು. ಬೇಕಾದದ್ದು ಉಪ್ಪು, ಬಟ್ಟಿ ಇಳಿಸಿದ ನೀರು, ಟ್ಯೂಬುಗಳನ್ನು ವೇಗವಾಗಿ ತಿರುಗಿಸುವ ಸಾಧಾರಣ ಸೆಂಟ್ರಿಫ್ಯೂಜ್, ಬಣ್ಣದ ಗಾಢತೆ ಅಳೆಯುವ ಕಲರಿಮೀಟರ್. ಉಪ್ಪು ಕಡಿಮೆಯಾದಷ್ಟೂ ನೀರು ಕಣದೊಳಗೆ ನುಗ್ಗಿ ಅದನ್ನು ಉಬ್ಬಿಸುತ್ತದೆ. ಉಪ್ಪು ಎಷ್ಟು ಕಡಿಮೆಯಾಗುವವರೆಗೆ ಕಣಗಳ ಪೊರೆ ತಡೆದುಕೊಳ್ಳುತ್ತದೆ ಎಂದು ಇದರಿಂದ ಗೊತ್ತಾಗುತ್ತದೆ.

ವಿಭಾಗದ ಮುಖ್ಯಸ್ಥರಿಂದ ಪತ್ರ ಪಡೆದು, ಪರವಾನಗಿ ಇರುವ ಕಸಾಯಿಖಾನೆಗೆ ಬೆಳಗಿನ ಜಾವವೇ ಹೋಗಿ. ಬಾಟಲಿಯಲ್ಲಿ ಮೊದಲೇ ಶೇ 3.8ರ ಸೋಡಿಯಂ ಸಿಟ್ರೇಟ್ ದ್ರಾವಣ ಹಾಕಿಟ್ಟುಕೊಂಡಿರಬೇಕು: ಒಂದು ಪಾಲು ಸಿಟ್ರೇಟಿಗೆ ಒಂಬತ್ತು ಪಾಲು ರಕ್ತ. ರಕ್ತ ಬಿದ್ದ ಕೂಡಲೇ ಬಾಟಲಿಯನ್ನು ಮೆಲ್ಲಗೆ ತಿರುಗಿಸಬೇಕು, ಕುಲುಕಬಾರದು. ಬೈಕಿನ ಹಿಂದೆ ಕಟ್ಟಿಕೊಂಡು ಬಂದರೆ ನಮ್ಮ ರಸ್ತೆಗಳೇ ಅರ್ಧ ಕಣಗಳನ್ನು ಒಡೆದುಹಾಕುತ್ತವೆ, ಮಡಿಲಲ್ಲಿಟ್ಟುಕೊಂಡು ತನ್ನಿ. ಕೈಗವಸು ಕಡ್ಡಾಯ, ಯಾಕೆಂದರೆ ಆಡಿನಿಂದ ಮನುಷ್ಯರಿಗೆ ಬ್ರುಸೆಲ್ಲಾ ಸೋಂಕು ತಗಲಬಹುದು. ಪಿಪೆಟ್ಟನ್ನು ಬಾಯಿಯಿಂದ ಎಳೆಯುವ ಹಳೆಯ ಚಾಳಿಯಂತೂ ಬೇಡವೇ ಬೇಡ.

ಶೇ 1ರ ಉಪ್ಪಿನ ದ್ರಾವಣ ಮಾಡಿಕೊಳ್ಳಿ. ಪಿಎಚ್ 7.4ಕ್ಕೆ ನಿಲ್ಲುವಂತೆ ಫಾಸ್ಫೇಟ್ ಬಫರ್ ಸೇರಿಸಿದರೆ ಉತ್ತಮ. ಪ್ರತಿ ಟ್ಯೂಬಿನಲ್ಲಿ ಒಟ್ಟು 5 ಮಿ.ಲೀ. ಇರಲಿ: 4.5 ಮಿ.ಲೀ. ದ್ರಾವಣಕ್ಕೆ 0.5 ಮಿ.ಲೀ. ನೀರು ಸೇರಿಸಿದರೆ ಶೇ 0.9, ಸಮಸಮ ಬೆರೆಸಿದರೆ ಶೇ 0.5, ಬರೀ ನೀರು ಹಾಕಿದ್ದು ಸೊನ್ನೆ. ಹೀಗೆ 0.9ರಿಂದ 0.1ರವರೆಗೆ ಇಳಿಯುವ ಸಾಲು, ಕೊನೆಗೆ ಸೊನ್ನೆ. ಪ್ರತಿಯೊಂದಕ್ಕೂ 50 ಮೈಕ್ರೊಲೀಟರ್ ರಕ್ತ ಹಾಕಿ, ಟ್ಯೂಬನ್ನು ನಿಧಾನಕ್ಕೆ ತಲೆಕೆಳಗು ಮಾಡಿ ಬೆರೆಸಿ, ಅರ್ಧ ಗಂಟೆ ಬಿಡಿ.

ಆ ಅರ್ಧ ಗಂಟೆ ಮೊಬೈಲ್ ನೋಡುತ್ತ ಕೂರಬೇಡಿ. ಟ್ಯೂಬಿನ ಹಿಂದೆ ಅಚ್ಚಾದ ಕಾಗದವೊಂದನ್ನು ಹಿಡಿದು ನೋಡಿ. 0.9ರ ಟ್ಯೂಬಿನಲ್ಲಿ ಕಣಗಳು ಇಡಿಯಾಗಿರುವುದರಿಂದ ದ್ರಾವಣ ಮಬ್ಬಾಗಿದ್ದು ಅಕ್ಷರ ಕಾಣುವುದಿಲ್ಲ. ಸೊನ್ನೆಯ ಟ್ಯೂಬಿನಲ್ಲಿ ಕಣಗಳೆಲ್ಲ ಒಡೆದು ಹಿಮೋಗ್ಲೋಬಿನ್ ನೀರಿಗೆ ಬಿದ್ದಿರುತ್ತದೆ. ಬಣ್ಣ ದಾಸವಾಳದ ಕೆಂಪಾದರೂ ಅಕ್ಷರ ನಿಚ್ಚಳ. ನಡುವೆ ಎಲ್ಲೋ ಒಂದೆರಡು ಟ್ಯೂಬುಗಳಲ್ಲಿ ಮಬ್ಬು ಹರಿದು ತಿಳಿಯಾಗುವುದು ಕಣ್ಣೆದುರೇ ನಡೆಯುತ್ತದೆ. ನಂತರ ಸೆಂಟ್ರಿಫ್ಯೂಜ್‌ನಲ್ಲಿ ಐದು ನಿಮಿಷ ತಿರುಗಿಸಿ, ಮೇಲಿನ ತಿಳಿಯನ್ನು 540 ನ್ಯಾನೊಮೀಟರಿನಲ್ಲಿ ಅಳೆಯಿರಿ. ಸೊನ್ನೆಯ ಟ್ಯೂಬಿನ ಅಂಕಿಯನ್ನು ನೂರು ಎಂದಿಟ್ಟುಕೊಂಡು ಉಳಿದವನ್ನು ಶೇಕಡಾವಾರು ಲೆಕ್ಕಹಾಕಿ ಗ್ರಾಫ್ ಎಳೆಯಿರಿ.

ಸೆಂಟ್ರಿಫ್ಯೂಜ್ ವೇಗವನ್ನು ಬರೀ ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು) ಎಂದು ಬರೆದರೆ ಪ್ರಯೋಜನವಿಲ್ಲ. ಟ್ಯೂಬು ಹಿಡಿದು ತಿರುಗುವ ಭಾಗವಾದ ರೋಟರಿನ ತ್ರಿಜ್ಯವನ್ನೂ ಅಳೆದು ಬರೆಯಿರಿ. 10 ಸೆಂ.ಮೀ. ತ್ರಿಜ್ಯದ ರೋಟರ್ 3000 ಸುತ್ತಿನಲ್ಲಿ ಗುರುತ್ವದ ಸುಮಾರು ಸಾವಿರ ಪಟ್ಟು ಬಲ ಕೊಡುತ್ತದೆ. ಚಿಕ್ಕ ರೋಟರಿನಲ್ಲಿ ಅದೇ 3000ಕ್ಕೆ ಅಷ್ಟು ಬಲ ಬರುವುದಿಲ್ಲ.

ಕೋಣೆಯ ಉಷ್ಣಾಂಶವನ್ನೂ ದಾಖಲಿಸಿ. ಪಠ್ಯದಲ್ಲಿ ಕೋಣೆಯ ಉಷ್ಣಾಂಶ ಎಂದರೆ 20–25 ಡಿಗ್ರಿ. ಏಪ್ರಿಲ್ ಮಧ್ಯಾಹ್ನ ವಿಜಯಪುರದ ಪ್ರಯೋಗಾಲಯದಲ್ಲಿ ಅದು 38 ಇರಬಹುದು, ಫ್ಯಾನ್ ನಿಂತರೆ ಇನ್ನೂ ಹೆಚ್ಚು. ಉಷ್ಣಾಂಶ, ಪಿಎಚ್ ಎರಡೂ ಈ ಗ್ರಾಫನ್ನು ಅತ್ತಿತ್ತ ಸರಿಸುತ್ತವೆ. ನಮ್ಮ ಬಿಸಿಲು ಅಡ್ಡಿಯಲ್ಲ, ಅದನ್ನು ಬರೆದಿಡದಿರುವುದು ಅಡ್ಡಿ. ಬೇಕಿದ್ದರೆ ಬೇಸಿಗೆಯಲ್ಲೊಮ್ಮೆ, ಡಿಸೆಂಬರಿನಲ್ಲೊಮ್ಮೆ ಮಾಡಿ ಹೋಲಿಸಿ. ಅದೇ ಒಂದು ಚೆಂದದ ಪ್ರಾಜೆಕ್ಟ್ ಆಗುತ್ತದೆ.

ಮನುಷ್ಯರ ಆರೋಗ್ಯವಂತ ಕಣಗಳು ಶೇ 0.5ರ ಆಸುಪಾಸಿನಲ್ಲಿ ಒಡೆಯತೊಡಗಿ 0.3ರ ಹೊತ್ತಿಗೆ ಮುಗಿಯುತ್ತವೆ. ಆಡಿನ ಕಣಗಳು ಅದಕ್ಕಿಂತ ಎಷ್ಟೋ ಮೊದಲೇ ಒಡೆಯುತ್ತವೆ. ಸಾಕುಪ್ರಾಣಿಗಳಲ್ಲೇ ಅತಿ ಚಿಕ್ಕ ಕೆಂಪುಕಣ ಆಡಿನದು, ಅಗಲ ಸುಮಾರು ನಾಲ್ಕು ಮೈಕ್ರೊಮೀಟರ್. ಮನುಷ್ಯರ ಕಣದ ಮೇಲ್ಮೈ ಸುಮಾರು 136 ಚದರ ಮೈಕ್ರೊಮೀಟರ್. ಅಷ್ಟೇ ಮೇಲ್ಮೈಯ ಗೋಳದೊಳಗೆ ಹೆಚ್ಚುಕಡಿಮೆ 150 ಘನ ಮೈಕ್ರೊಮೀಟರ್ ದ್ರವ ಹಿಡಿಸುತ್ತದೆ, ಆದರೆ ಕಣದೊಳಗೆ ಇರುವುದು ಸುಮಾರು 90. ಆ ವ್ಯತ್ಯಾಸವೇ ಕಣಕ್ಕೆ ಉಬ್ಬಲು ಇರುವ ಅವಕಾಶ. ಆಡಿನ ಕಣಕ್ಕೆ ಆ ಅವಕಾಶ ಕಡಿಮೆ. ಇನ್ನೊಂದು ವಿಚಿತ್ರವೆಂದರೆ ಆಡು, ಕುರಿ, ದನಗಳ ಕಣದ ಪೊರೆಯಲ್ಲಿ ಫಾಸ್ಫಟಿಡೈಲ್‌ಕೋಲೀನ್ ಎಂಬ ಕೊಬ್ಬು ಇಲ್ಲವೆನ್ನುವಷ್ಟು ಕಡಿಮೆ. ಅದರ ಜಾಗದಲ್ಲಿ ಸ್ಫಿಂಗೊಮೈಲಿನ್ ತುಂಬಿಕೊಂಡಿದೆ. ಸಿಕ್ಕರೆ ಕೋಳಿಯ ರಕ್ತದಲ್ಲೂ ಮಾಡಿ ನೋಡಿ. ಕಣ ಒಡೆದ ಮೇಲೂ ಟ್ಯೂಬು ತಿಳಿಯಾಗುವುದಿಲ್ಲ. ಯಾಕೆಂದು ಗುರುಗಳನ್ನು ಕೇಳುವ ಮೊದಲು ಕೋಳಿಯ ರಕ್ತಕಣದ ಚಿತ್ರವನ್ನೊಮ್ಮೆ ನೋಡಿ; ನಡುವೆ ನ್ಯೂಕ್ಲಿಯಸ್ ಕೂತಿರುತ್ತದೆ.

ಮನುಷ್ಯರ ರಕ್ತಕ್ಕೆ ಕೈ ಹಾಕುವ ಮುನ್ನ

ಗೆಳೆಯರ ಬೆರಳು ಚುಚ್ಚಿ ಪ್ರಯೋಗ ಮಾಡುವುದು ಸಂಶೋಧನೆಯಲ್ಲ. ಮನುಷ್ಯರ ರಕ್ತ ಬೇಕೆಂದರೆ ಸಂಸ್ಥೆಯ ನೈತಿಕ ಸಮಿತಿಯ ಒಪ್ಪಿಗೆ ಮೊದಲು ಬೇಕು. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯನ್ನು ಓದಿಕೊಂಡೇ ಅರ್ಜಿ ಬರೆಯಿರಿ. ಹೆಪಟೈಟಿಸ್ ಬಿ ಲಸಿಕೆಯ ಮೂರು ಚುಚ್ಚುಮದ್ದುಗಳು ಮುಗಿಯಲು ಆರು ತಿಂಗಳು ಹಿಡಿಯುತ್ತದೆ, ಎಂ.ಎಸ್ಸಿ. ಸೇರಿದ ವಾರವೇ ಮೊದಲನೆಯದನ್ನು ಹಾಕಿಸಿಕೊಳ್ಳಿ. ರಕ್ತ ತಾಗಿದ ಹತ್ತಿ ಹಳದಿ ಚೀಲಕ್ಕೆ, ಸೂಜಿ ಬಿಳಿಯ ಗಟ್ಟಿ ಡಬ್ಬಿಗೆ. ಇದರಲ್ಲಿ ವಿನಾಯಿತಿ ಇಲ್ಲ.

ಒಪ್ಪಿಗೆ ಪತ್ರವನ್ನು ರಕ್ತ ಕೊಡುವವರ ಭಾಷೆಯಲ್ಲೇ ಬರೆಯಬೇಕು. ಬೆಳಗಾವಿಯಲ್ಲಿ ಕನ್ನಡದ ಜೊತೆ ಮರಾಠಿ ಪ್ರತಿಯೂ ಬೇಕಾಗುತ್ತದೆ, ವಿಜಯಪುರದ ಎಷ್ಟೋ ಓಣಿಗಳಲ್ಲಿ ಉರ್ದು. ಪತ್ರಕ್ಕಿಂತ ಕಷ್ಟದ್ದು ಮಾತು. ಇಂಡಿ ಕಡೆಯಿಂದ ಬಂದ ಹೆಣ್ಣುಮಗಳೊಬ್ಬಳಿಗೆ "ಎರಿಥ್ರೊಸೈಟ್ ಮೆಂಬ್ರೇನ್ ಅಧ್ಯಯನ" ಎಂದರೆ ಏನು ತಿಳಿದೀತು? "ಅಕ್ಕಾ, ಒಂದು ಚಹಾ ಚಮಚದಷ್ಟು ರಕ್ತ ತೆಗೆದುಕೊಳ್ಳುತ್ತೇವೆ. ನಿಮ್ಮ ರಕ್ತದ ಕಣ ಎಷ್ಟು ಗಟ್ಟಿ ಇದೆ ಎಂದು ನೋಡುತ್ತೇವೆ. ಬೇಡ ಎಂದರೂ ನಿಮ್ಮ ಚಿಕಿತ್ಸೆಗೆ ಏನೂ ತೊಂದರೆಯಿಲ್ಲ" ಎನ್ನಿ. ಆಕೆ ತಪ್ಪದೆ ಕೇಳುವ ಪ್ರಶ್ನೆ: "ರಿಪೋರ್ಟ್ ನಮಗೆ ಕೊಡುತ್ತೀರೇನು ತಮ್ಮಾ?" ಇದಕ್ಕೆ ಉತ್ತರವನ್ನು ಮೊದಲೇ ಗೈಡ್ ಜೊತೆ ಕೂತು ತೀರ್ಮಾನಿಸಿರಬೇಕು. ಕೊಡುವುದಾದರೆ ಕೊಡಿ, ಕೊಡಲಾಗದಿದ್ದರೆ ಮುಖ ನೋಡಿ ಹಾಗೇ ಹೇಳಿ. ನಾಳೆ ಬನ್ನಿ, ನಾಡಿದ್ದು ಬನ್ನಿ ಎಂದು ಎಪ್ಪತ್ತು ಕಿಲೋಮೀಟರ್ ದೂರದವರನ್ನು ಬಸ್ಸಿನಲ್ಲಿ ಅಲೆದಾಡಿಸುವುದು ಪಾಪ.

ರಕ್ತಹೀನತೆಯ ವಿಷಯದಲ್ಲಿ ನಮ್ಮ ಭಾಗಕ್ಕೆ ಮಾಡಲು ಕೆಲಸ ಬೇಕಾದಷ್ಟಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ 15ರಿಂದ 49 ವರ್ಷದ ಹೆಣ್ಣುಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ರಕ್ತಹೀನತೆಯಿದೆ. ಕಬ್ಬಿಣದ ಕೊರತೆಯಲ್ಲಿ ಕಣ ತೆಳುವಾಗಿ, ಉಪ್ಪುನೀರಿನ ಪರೀಕ್ಷೆಯಲ್ಲಿ ಸುಲಭಕ್ಕೆ ಒಡೆಯುವುದಿಲ್ಲ. ಸ್ಪೆಕ್ಟ್ರಿನ್ ಬಲೆಯ ದೋಷದಿಂದ ಕಣ ಗುಂಡಗಾಗುವ ವಂಶಪಾರಂಪರ್ಯ ಕಾಯಿಲೆಯಲ್ಲಿ ಬೇಗ ಒಡೆಯುತ್ತದೆ. ನೀವು ಆಡಿನ ರಕ್ತದಲ್ಲಿ ಕಲಿತ ಆ ಗ್ರಾಫಿಗೆ ಇಲ್ಲಿ ಅರ್ಥ ಬರುತ್ತದೆ.

ಮುಂದಿನ ಪಾಠ: ಬರಿಯ ಪೊರೆ

ಕಣದಿಂದ ಹಿಮೋಗ್ಲೋಬಿನ್ ಪೂರ್ತಿ ತೊಳೆದು ಉಳಿಸಿಕೊಂಡ ಪೊರೆಗೆ ಪ್ರಯೋಗಾಲಯದಲ್ಲಿ ಘೋಸ್ಟ್ ಎನ್ನುತ್ತಾರೆ. ಇದನ್ನು ಮಾಡುವ ವಿಧಾನವನ್ನು ಡಾಡ್ಜ್, ಮಿಚೆಲ್, ಹನಹಾನ್ 1963ರಲ್ಲಿ ಪ್ರಕಟಿಸಿದರು. ಇಂದಿಗೂ ಅದರದೇ ರೂಪಾಂತರಗಳು ನಡೆಯುತ್ತಿವೆ. ತೊಳೆದ ಕಣಗಳನ್ನು ತಣ್ಣನೆಯ, ಲವಣ ಕಡಿಮೆಯಿರುವ ಫಾಸ್ಫೇಟ್ ಬಫರಿಗೆ (5 ಮಿಲಿಮೋಲಾರ್, ಪಿಎಚ್ 8) ಹಾಕಿ, ಗುರುತ್ವದ 20,000 ಪಟ್ಟು ಬಲದಲ್ಲಿ ತಿರುಗಿಸಿ, ಕೆಂಪು ನೀರು ಚೆಲ್ಲಿ, ಮತ್ತೆ ಬಫರ್ ಹಾಕಬೇಕು. ಗುಲಾಬಿ ಬಣ್ಣ ಹೋಗಿ ಹಾಲಿನಂತೆ ಬೆಳ್ಳಗಾಗುವವರೆಗೆ ಇದೇ ಕೆಲಸ. ಟ್ಯೂಬಿನ ತಳದಲ್ಲಿ, ಸಡಿಲವಾದ ಪೊರೆಯ ಕೆಳಗೆ, ಗಟ್ಟಿಯಾದ ಚಿಕ್ಕ ಗುಂಡಿಯೊಂದು ಕಾಣುತ್ತದೆ. ಅದನ್ನು ಟ್ಯೂಬು ವಾಲಿಸಿ ಹೀರಿ ತೆಗೆಯಲೇಬೇಕು. ಅದರಲ್ಲಿರುವ ಬಿಳಿ ರಕ್ತಕಣದ ಕಿಣ್ವಗಳು ನಿಮ್ಮ ಪ್ರೋಟೀನುಗಳನ್ನು ತಿಂದುಹಾಕುತ್ತವೆ. ಕಿಣ್ವಗಳನ್ನು ತಡೆಯುವ ಪಿಎಂಎಸ್ಎಫ್ ಹಾಕಿದ್ದೇನಲ್ಲ ಎಂದು ಸುಮ್ಮನಿರಬೇಡಿ. ಅದು ನೀರಿನಲ್ಲಿ ಬೇಗನೆ ಸತ್ವ ಕಳೆದುಕೊಳ್ಳುತ್ತದೆ.

ಇಡೀ ಕೆಲಸ 4 ಡಿಗ್ರಿಯಲ್ಲಿ ನಡೆಯಬೇಕು. ಕರೆಂಟು ಹೋದರೆ ತಣ್ಣಗಿರುವ ಸೆಂಟ್ರಿಫ್ಯೂಜ್ ಬಿಸಿಯಾಗುವುದು ಕ್ಷಣದ ಮಾತು. ಆದ್ದರಿಂದ ಈ ದಿನ ಐಸ್ ಧಾರಾಳವಾಗಿರಲಿ, ಮತ್ತು ವಿದ್ಯುತ್ ಕಡಿತದ ಪ್ರಕಟಣೆಯನ್ನು ಬೆಳಿಗ್ಗೆಯೇ ಪತ್ರಿಕೆಯಲ್ಲಿ ನೋಡಿಕೊಳ್ಳಿ. ಇಷ್ಟು ವೇಗದ ಯಂತ್ರ ಕಾಲೇಜುಗಳಲ್ಲಿ ಇರುವುದು ಅಪರೂಪ. ವಿಶ್ವವಿದ್ಯಾಲಯ ಅಥವಾ ವೈದ್ಯಕೀಯ ಸಂಶೋಧನಾ ಸಂಸ್ಥೆಯೊಂದರ ಬಾಗಿಲು ತಟ್ಟಬೇಕಾಗುತ್ತದೆ.

ಬಂದ ಪೊರೆಯನ್ನು, ಪ್ರೋಟೀನುಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸುವ ಜೆಲ್‌ನಲ್ಲಿ ಓಡಿಸಿ ನೀಲಿ ಬಣ್ಣ ಹಾಕಿದರೆ ಪಟ್ಟೆಗಳ ಸಾಲು. ಮೇಲಿನ ಜೋಡಿ ಸ್ಪೆಕ್ಟ್ರಿನ್. ನಡುವಿನ ದಪ್ಪ, ಹರಡಿದ ಪಟ್ಟೆ ಬ್ಯಾಂಡ್ 3 ಎಂಬ ಪ್ರೋಟೀನ್. ಅದರ ಕೆಳಗೆ 4.1, 4.2, ಐದನೆಯದು ಆಕ್ಟಿನ್. ಸ್ಪೆಕ್ಟ್ರಿನ್ ಜೋಡಿ ಮಸುಕಾಗಿ, ಕೆಳಗೆ ಹೆಸರಿಲ್ಲದ ಚೂರುಗಳು ಕಂಡರೆ ಗುಂಡಿ ತೆಗೆಯುವಾಗ ಅವಸರ ಮಾಡಿದ್ದೀರಿ. ಸಂದರ್ಶನದಲ್ಲಿ ಯಾರಾದರೂ ಈ ಪಟ್ಟೆಗಳ ಬಗ್ಗೆ ಕೇಳಿದರೆ, ಓದಿದವರ ಉತ್ತರಕ್ಕೂ ಮಾಡಿದವರ ಉತ್ತರಕ್ಕೂ ಇರುವ ಅಂತರ ಎರಡೇ ವಾಕ್ಯದಲ್ಲಿ ಗೊತ್ತಾಗುತ್ತದೆ.

ಪರೀಕ್ಷೆಗಳು, ಹಣ

ಇದನ್ನು ಬೇಗ ಮುಗಿಸುತ್ತೇನೆ, ಕೋಚಿಂಗ್‌ನವರು ಹೇಗೂ ಹೇಳುತ್ತಾರೆ. ಬಿ.ಎಸ್ಸಿ. ಆದ ಮೇಲೆ ನೇರವಾಗಿ ಇಂಟಿಗ್ರೇಟೆಡ್ ಪಿಎಚ್.ಡಿ.ಗೆ ಹೋಗಲು ಐಐಟಿಗಳ ಜಾಮ್ ಪರೀಕ್ಷೆ. ಬೆಂಗಳೂರಿನ ಸಂಶೋಧನಾ ಸಂಸ್ಥೆಗಳಾದ ಐಐಎಸ್‌ಸಿ, ಜೆಎನ್‌ಸಿಎಎಸ್‌ಆರ್ ಅದನ್ನು ಪರಿಗಣಿಸುತ್ತವೆ. ಸಂಕ್ರಾಂತಿಗೆ ನಡೆಯುವ ವಿಜಯಪುರದ ಸಿದ್ಧೇಶ್ವರ ಜಾತ್ರೆ ಮುಗಿದು ತಿಂಗಳಾಗುವಷ್ಟರಲ್ಲಿ ಜಾಮ್ ಬಂದಿರುತ್ತದೆ, ಜಾತ್ರೆಯಲ್ಲಿ ಅಡ್ಡಾಡುವಾಗ ಇದು ನೆನಪಿರಲಿ. ಬೆಂಗಳೂರಿನ ಜೀವವಿಜ್ಞಾನ ಕೇಂದ್ರ ಎನ್‌ಸಿಬಿಎಸ್‌ಗೆ ಡಿಸೆಂಬರಿನಲ್ಲಿ ನಡೆಯುವ ಟಿಐಎಫ್‌ಆರ್ ಪ್ರವೇಶ ಪರೀಕ್ಷೆ ಬೇರೆ. ಎಂ.ಎಸ್ಸಿ. ನಂತರ ಸಿಎಸ್‌ಐಆರ್ ನೆಟ್, ಐಸಿಎಂಆರ್ ಜೆಆರ್‌ಎಫ್, ಡಿಬಿಟಿಯ ಬಿಇಟಿ, ಗೇಟ್. ಒಂದಕ್ಕೆ ಓದಿದ್ದು ಉಳಿದವಕ್ಕೂ ಆಗುತ್ತದೆ.

2023ರ ಜನವರಿಯಿಂದ ಜೆಆರ್‌ಎಫ್ (ಮೊದಲ ಹಂತದ ಸಂಶೋಧನಾ ಫೆಲೋಶಿಪ್) ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ನಂತರ ಎಸ್‌ಆರ್‌ಎಫ್ (ಮುಂದಿನ ಹಂತ) 42,000, ಮನೆ ಬಾಡಿಗೆ ಭತ್ಯೆ ಪ್ರತ್ಯೇಕ. "ಇನ್ನೂ ಎಷ್ಟು ವರ್ಷ ಓದು?" ಎಂದು ಅಪ್ಪ ಕೇಳಿದಾಗ ಈ ಅಂಕಿಯನ್ನು ಕಾಗದದ ಮೇಲೆ ಬರೆದು ತೋರಿಸಿ: "ಅಪ್ಪಾ, ಇದು ಫೀಸು ಕಟ್ಟುವ ಓದಲ್ಲ, ಸಂಬಳ ಬರುವ ಓದು." ಹೆಣ್ಣುಮಕ್ಕಳಿಗೆ ಈ ಕಾಗದ ಇನ್ನೂ ಹೆಚ್ಚು ಬೇಕಾಗುತ್ತದೆ; ವರ ನೋಡುವ ಮಾತು ಆರು ತಿಂಗಳಾದರೂ ಮುಂದೆ ಹೋಗುತ್ತದೆ. ಆದರೆ ಮೊದಲ ಕಂತು ಕೈಗೆ ಬರುವುದು ತಡವಾಗುವುದುಂಟು. ಮೂರು ನಾಲ್ಕು ತಿಂಗಳ ಬಾಡಿಗೆ, ಊಟದ ಖರ್ಚನ್ನು ಕೈಯಲ್ಲಿಟ್ಟುಕೊಂಡೇ ಬೆಂಗಳೂರಿನ ಗೋಲಗುಂಬಜ್ ಎಕ್ಸ್‌ಪ್ರೆಸ್ ರೈಲು ಹತ್ತಿ.

ಪದವಿಯಲ್ಲಿರುವಾಗಲೇ ದೇಶದ ವಿಜ್ಞಾನ ಅಕಾಡೆಮಿಗಳು ಜಂಟಿಯಾಗಿ ಕೊಡುವ ಬೇಸಿಗೆ ಫೆಲೋಶಿಪ್ಪಿಗೆ ಅರ್ಜಿ ಹಾಕಿ. ಎರಡು ತಿಂಗಳು ದೊಡ್ಡ ಪ್ರಯೋಗಾಲಯದಲ್ಲಿ ಇದ್ದು ಬಂದರೆ ಈ ಕೆಲಸ ನಿಮಗೆ ಒಗ್ಗುತ್ತದೋ ಇಲ್ಲವೋ ತಿಳಿಯುತ್ತದೆ. ಒಗ್ಗದಿದ್ದರೆ ಅದನ್ನು ಇಪ್ಪತ್ತನೆಯ ವಯಸ್ಸಿನಲ್ಲೇ ತಿಳಿದುಕೊಳ್ಳುವುದು ವಾಸಿ.

ಗೈಡ್ ಆಯ್ಕೆ

ಸಂಸ್ಥೆಗಿಂತ ಗೈಡ್ ಮುಖ್ಯ. ಮನೆಯ ಹತ್ತಿರವೇ ಇರಬೇಕೆಂದರೆ ಬೆಳಗಾವಿಯಲ್ಲಿ ಐಸಿಎಂಆರ್‌ನ ಸಾಂಪ್ರದಾಯಿಕ ವೈದ್ಯ ಸಂಶೋಧನಾ ಸಂಸ್ಥೆಯಿದೆ, ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿದೆ; ವಿಜಯಪುರದಲ್ಲಿ ಬಿಎಲ್‌ಡಿಇ ವಿಶ್ವವಿದ್ಯಾಲಯ, ಬಾಗಲಕೋಟೆಯಲ್ಲಿ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜು. ರೋಗಿಗಳ ರಕ್ತ, ಆಸ್ಪತ್ರೆಯ ದಾಖಲೆ ಬೇಕಾಗುವ ಪ್ರಶ್ನೆಗಳಿಗೆ ಇಂಥ ಜಾಗಗಳೇ ಸರಿ. ಪೊರೆಯ ಭೌತಿಕ ಗುಣಗಳಿಗೆ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆ, ಐಐಎಸ್‌ಸಿ, ಎನ್‌ಸಿಬಿಎಸ್. ಕೊಬ್ಬು ಮತ್ತು ಪ್ರೋಟೀನಿನ ಒಡನಾಟಕ್ಕೆ ಹೈದರಾಬಾದಿನ ಕೋಶ ಮತ್ತು ಅಣುಜೀವಶಾಸ್ತ್ರ ಕೇಂದ್ರ, ಅಂದರೆ ಸಿಸಿಎಂಬಿ. ರಕ್ತದ್ದೇ ಬೇಕೆಂದರೆ ಮುಂಬಯಿಯಲ್ಲಿ ಐಸಿಎಂಆರ್‌ನ ರಕ್ತದ ಸಂಶೋಧನೆಯ ಸಂಸ್ಥೆಯಿದೆ. ಕಣದ ಮೇಲ್ಮೈಯಲ್ಲಿ ಎಚ್ ಎಂಬ ಸಕ್ಕರೆ ಗುರುತೇ ಇಲ್ಲದ 'ಬಾಂಬೆ' ರಕ್ತಗುಂಪು 1952ರಲ್ಲಿ ಬೆಳಕಿಗೆ ಬಂದದ್ದೂ ಅದೇ ಊರಿನಲ್ಲಿ.

ಗೈಡ್‌ಗೆ ಬರೆಯುವ ಮೇಲ್ ಇಂಗ್ಲಿಷಿನಲ್ಲಿರಲಿ, ತಿರುಳು ಹೀಗಿದ್ದರೆ ಸಾಕು: "ನಿಮ್ಮ ಇಂಥ ಲೇಖನ ಓದಿದೆ. ಅದರಲ್ಲಿ ಇಂಥದ್ದು ನನಗೆ ಅರ್ಥವಾಗಲಿಲ್ಲ. ಆಡಿನ ರಕ್ತಕಣಗಳ ಮೇಲೆ ಇಂಥ ಪ್ರಯೋಗ ಮಾಡಿದ್ದೇನೆ, ಗ್ರಾಫ್ ಲಗತ್ತಿಸಿದ್ದೇನೆ. ನಿಮ್ಮಲ್ಲಿ ಬೇಸಿಗೆಯಲ್ಲಿ ಕೆಲಸ ಮಾಡಲು ಅವಕಾಶವಿದೆಯೇ?" ಪರಮಪೂಜ್ಯ, ಬಾಲ್ಯದ ಕನಸು ಇತ್ಯಾದಿ ಬೇಡ. ಉತ್ತರ ಬಾರದಿದ್ದರೆ ಎರಡು ವಾರದ ನಂತರ ಒಮ್ಮೆ ನೆನಪಿಸಿ, ಆಮೇಲೆ ಬೇರೆಯವರಿಗೆ ಬರೆಯಿರಿ. ಒಪ್ಪಿದವರಲ್ಲಿಗೆ ಸೇರುವ ಮುನ್ನ ಅಲ್ಲಿನ ಹಳೆಯ ವಿದ್ಯಾರ್ಥಿಯೊಬ್ಬರಿಗೆ ಫೋನ್ ಮಾಡಿ, ಎಷ್ಟು ವರ್ಷಕ್ಕೆ ಪಿಎಚ್.ಡಿ. ಮುಗಿಯಿತು ಎಂದು ಕೇಳಿ. ಉತ್ತರ ಕೊಡುವ ಮೊದಲು ಅವರು ಎಷ್ಟು ಹೊತ್ತು ಸುಮ್ಮನಿರುತ್ತಾರೆ ಎಂಬುದನ್ನೂ ಗಮನಿಸಿ.

ಯಾವ ಪ್ರಶ್ನೆ ಕೈಗೆತ್ತಿಕೊಳ್ಳಬೇಕು, ಮುಂದೇನು

ಇಲ್ಲಿಯೇ ಮಾಡಬಹುದಾದ ಒಂದು ಪ್ರಶ್ನೆ ರಕ್ತನಿಧಿಯದು. ಚೀಲದಲ್ಲಿ 2ರಿಂದ 6 ಡಿಗ್ರಿಯಲ್ಲಿಟ್ಟ ಕೆಂಪುಕಣಗಳನ್ನು ಸಂರಕ್ಷಕ ದ್ರಾವಣಕ್ಕೆ ತಕ್ಕಂತೆ 35 ಅಥವಾ 42 ದಿನ ಬಳಸಬಹುದು. ಆದರೆ ದಿನ ಕಳೆದಂತೆ ಕಣ ತಟ್ಟೆಯಾಕಾರ ಬಿಟ್ಟು ಮುಳ್ಳುಮುಳ್ಳಾಗುತ್ತದೆ, ಪೊರೆಯ ಚೂರುಗಳು ಗುಳ್ಳೆಗಳಾಗಿ ಕಳಚಿಕೊಳ್ಳುತ್ತವೆ, ಒಳಗಿನ ಪೊಟ್ಯಾಸಿಯಂ ಹೊರಗೆ ಸೋರುತ್ತದೆ. ಅವಧಿ ಮುಗಿದ ಚೀಲಗಳನ್ನು ಸರಿಯಾದ ಅನುಮತಿ ಪಡೆದು ಬಳಸಿಕೊಂಡರೆ, ಜಿಲ್ಲಾ ಕೇಂದ್ರದಲ್ಲೇ ಕುಳಿತು ಒಳ್ಳೆಯ ಕೆಲಸ ಮಾಡಬಹುದು.

ಕೆಂಪುಕಣ ಕುಡುಗೋಲಿನಂತೆ ಬಾಗುವ ಸಿಕಲ್ ಸೆಲ್ ಕಾಯಿಲೆ ಇನ್ನೊಂದು. ಹಿಮೋಗ್ಲೋಬಿನ್ನಿನ ಬೀಟಾ ಸರಪಳಿಯ ಆರನೆಯ ಜಾಗದಲ್ಲಿ ಗ್ಲುಟಾಮಿಕ್ ಆಮ್ಲದ ಬದಲು ವ್ಯಾಲೀನ್ ಬಂದದ್ದೇ ಅದರ ಮೂಲ. ಆದರೆ ಪೆಟ್ಟು ಬೀಳುವುದು ಪೊರೆಗೆ. ಇದರ ನಿರ್ಮೂಲನೆಯ ರಾಷ್ಟ್ರೀಯ ಅಭಿಯಾನ 2023ರ ಜುಲೈನಲ್ಲಿ ಶುರುವಾಗಿದ್ದು, 2047 ಅದರ ಗಡುವು. ಒತ್ತಡಕ್ಕೆ ತೆರೆದುಕೊಳ್ಳುವ ಪಿಯೆಜೊ1 ಎಂಬ ಪೊರೆಯ ಪ್ರೋಟೀನ್ ಮೂರನೆಯದು. ಪಿಯೆಜೊ ಪ್ರೋಟೀನುಗಳನ್ನು ಕಂಡುಹಿಡಿದ ಆರ್ಡೆಮ್ ಪಟಪೂಟಿಯನ್‌ಗೆ 2021ರಲ್ಲಿ ನೊಬೆಲ್ ಬಂತು. ಪಿಯೆಜೊ1 ದೋಷದಿಂದ ಕೆಂಪುಕಣ ನೀರು ಕಳೆದುಕೊಂಡು ಒಣಗುವ ವಂಶಪಾರಂಪರ್ಯ ಕಾಯಿಲೆಯೂ ಇದೆ. ಇದಕ್ಕೆ ದೊಡ್ಡ ಉಪಕರಣ ಬೇಕು, ಊರು ಬಿಡಬೇಕು.

ಪಿಎಚ್.ಡಿ. ಎಂದರೆ ಸಾಮಾನ್ಯವಾಗಿ ಐದು ವರ್ಷ, ಆಮೇಲೆ ಎರಡು ಮೂರು ವರ್ಷ ಪೋಸ್ಟ್‌ಡಾಕ್ (ಪಿಎಚ್.ಡಿ. ನಂತರದ ತಾತ್ಕಾಲಿಕ ಸಂಶೋಧನಾ ಕೆಲಸ). ಪ್ರಾಧ್ಯಾಪಕ ಹುದ್ದೆಗಳು ಕಡಿಮೆ, ಕಾಯುವವರು ಹೆಚ್ಚು. ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಆದರೆ ಈ ಕೆಲಸದಲ್ಲಿ ಕಲಿತ ಕೈಚಳಕಕ್ಕೆ ಬೇರೆ ಗಿರಾಕಿಗಳೂ ಇದ್ದಾರೆ. ಗುಂಡುಕಣದ ಕಾಯಿಲೆಯನ್ನು ಪತ್ತೆಹಚ್ಚುವ ಇಎಂಎ ಪರೀಕ್ಷೆ ನಡೆಯುವುದು ಕಣಗಳನ್ನು ಒಂದೊಂದಾಗಿ ಅಳೆಯುವ ಫ್ಲೋ ಸೈಟೊಮೀಟರಿನಲ್ಲಿ. ಆ ಯಂತ್ರ ಓಡಿಸಬಲ್ಲವರು ರೋಗಪತ್ತೆ ಪ್ರಯೋಗಾಲಯಗಳಿಗೆ ಬೇಕು. ಔಷಧವನ್ನು ಕೊಬ್ಬಿನ ಗುಳ್ಳೆಗಳಲ್ಲಿ ತುಂಬಿ ಕಳಿಸುವ ಕಂಪನಿಗಳಿಗೆ ಪೊರೆಯ ರಸಾಯನಶಾಸ್ತ್ರ ಬಲ್ಲವರು ಬೇಕು. ಎಂ.ಎಸ್ಸಿ. ಮುಗಿದ ಕೂಡಲೇ ರಾಜ್ಯದ ಅಧ್ಯಾಪಕ ಅರ್ಹತಾ ಪರೀಕ್ಷೆಯಾದ ಕೆ-ಸೆಟ್ ಬರೆದಿಟ್ಟುಕೊಂಡರೆ ಪದವಿ ಕಾಲೇಜಿನ ಕೆಲಸಕ್ಕೆ ಅರ್ಹತೆಯಾದರೂ ಕೈಯಲ್ಲಿರುತ್ತದೆ. ಸಂಶೋಧನೆಗೆ ಹೋಗುವವರೂ ಅದನ್ನು ಬಿಡಬೇಡಿ.